ರಾಡಾರ್ ಡಿಟೆಕ್ಟರ್ ಹಾಕಿಸಿದರೆ ಮೈಸೂರು ಹೈವೇಯಲ್ಲಿ ಫೈನ್ ತಪ್ಪುತ್ತಾ?

ಓದುಗರ ಪ್ರಶ್ನೆ: ನಮ್ಮ ಮನೆ ಕೆಂಗೇರಿ ಉಪನಗರದಲ್ಲಿ. ಕೆಲಸದ ಮೇಲೆ ಆಗಾಗ ಕಾರಲ್ಲಿ ಮೈಸೂರಿಗೆ ಹೋಗಿ ಬರ್ತೀನಿ. ಜಾಸ್ತಿ ಸ್ಪೀಡ್ ಅಂತ ಈಗಾಗಲೇ ಎರಡು ಸಲ ಫೈನ್ ಬಿದ್ದಿದೆ. ಆನ್‌ಲೈನ್‌ನಲ್ಲಿ ರಾಡಾರ್ ಡಿಟೆಕ್ಟರ್ ಸಿಗುತ್ತೆ, ದೂರದಿಂದಲೇ ಬೀಪ್ ಮಾಡಿ ಎಚ್ಚರಿಸುತ್ತೆ ಅಂತಾರೆ. ತಗೊಳ್ಳಬಹುದಾ?

ಉತ್ತರ: ಬೇಡ. ಆ ದುಡ್ಡು ಉಳಿಸಿಕೊಳ್ಳಿ.

ಡಿಟೆಕ್ಟರ್ ಸುಳ್ಳು ಸಾಮಾನು ಅಂತ ಹೇಳುತ್ತಿಲ್ಲ. ಅಮೆರಿಕದ ಹೈವೇಗಳಲ್ಲಿ ಅದಕ್ಕೆ ಕೆಲಸ ಇದೆ. ಅಲ್ಲಿ ಪೊಲೀಸರ ರಾಡಾರ್ ಗನ್ ರೇಡಿಯೋ ಅಲೆ ಬಿಡುತ್ತದೆ, ಅದು ಓಡುವ ಗಾಡಿಗೆ ಬಡಿದು ವಾಪಸ್ ಬರುವಾಗ ಅದರ ಫ್ರೀಕ್ವೆನ್ಸಿ ಚೂರು ಬದಲಾಗಿರುತ್ತದೆ, ಎಷ್ಟು ಬದಲಾಯಿತು ಅನ್ನೋದರಿಂದ ವೇಗ ಗೊತ್ತಾಗುತ್ತದೆ. ಈ ಅಲೆ ಅಗಲವಾಗಿ ಹರಡುತ್ತದೆ. ಹಾಗಾಗಿ ಪೊಲೀಸರು ನಿಮ್ಮ ಮುಂದಿನ ಗಾಡಿಗಳನ್ನು ಅಳೆಯುತ್ತಿರುವಾಗಲೇ ನಿಮ್ಮ ಡಿಟೆಕ್ಟರ್‌ಗೆ ಸುಳಿವು ಸಿಕ್ಕಿಬಿಡುತ್ತದೆ. ಅದರ ಉಪಯೋಗ ಅಷ್ಟೇ. ಅಲ್ಲೂ ವರ್ಜೀನಿಯಾ ರಾಜ್ಯದಲ್ಲಿ ಅದಕ್ಕೆ ನಿಷೇಧ ಇದೆ.

ನಮ್ಮ ರಸ್ತೆಗಳ ಕಥೆ ಬೇರೆ. ಇಂಟರ್‌ಸೆಪ್ಟರ್ ಗಾಡಿ ಪಕ್ಕಕ್ಕೆ ನಿಲ್ಲಿಸಿಕೊಂಡ ಪೊಲೀಸರ ಕೈಯಲ್ಲಿ ಇರುವುದು ಲೇಸರ್ ಗನ್. ಲೇಸರ್ ಕಿರಣ ಹರಡುವುದೇ ಇಲ್ಲ ಅನ್ನಬಹುದು. 300 ಮೀಟರ್ ದೂರದಲ್ಲೂ ಅದರ ಅಗಲ ಹೆಚ್ಚುಕಡಿಮೆ ಒಂದು ಮೀಟರ್. ನೇರ ನಿಮ್ಮ ನಂಬರ್ ಪ್ಲೇಟಿಗೆ ಗುರಿ ಇಡುತ್ತಾರೆ, ಅರ್ಧ ಸೆಕೆಂಡ್ ಆಗುವುದರೊಳಗೆ ವೇಗ ದಾಖಲಾಗಿರುತ್ತದೆ. ಅಂದರೆ ಡಿಟೆಕ್ಟರ್ ಬೀಪ್ ಅಂದಾಗ ಫೈನ್ ಆಗಲೇ ಬಿದ್ದಾಗಿದೆ. ಇನ್ನು ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಕೆಲಸ ಮಾಡುವುದು ಫೋಟೋ ತೆಗೆದು. ಫೋಟೋ ತೆಗೆದದ್ದು ಯಾವ ಡಿಟೆಕ್ಟರ್‌ಗೂ ಕೇಳಿಸುವುದಿಲ್ಲ. ಊರೊಳಗೂ ಇವು ಬಂದು ವರ್ಷಗಳಾದವು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಇಂಥ 250 ಕ್ಯಾಮೆರಾ ಹಾಕಿದರು, ಸಿಗ್ನಲ್ ಜಂಪ್ ಹಿಡಿಯುವ 80 ಕ್ಯಾಮೆರಾ ಬೇರೆ.

ಡಿಟೆಕ್ಟರ್ ಹಾಕಿಸಿದವರಿಗೆ ಇನ್ನೊಂದು ಕಾಟ ಇದೆ. ಮಾಲ್‌ಗಳ ಆಟೋಮ್ಯಾಟಿಕ್ ಬಾಗಿಲು, ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್ (ಕನ್ನಡಿಗೆ ಕಾಣದ ಗಾಡಿಯನ್ನು ಪತ್ತೆ ಹಚ್ಚುವಂಥದ್ದು), ಇವುಗಳಲ್ಲಿ ಎಷ್ಟೋ 24 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಪೊಲೀಸ್ ರಾಡಾರ್‌ನ ಒಂದು ಬ್ಯಾಂಡ್ ಕೂಡ ಅದೇ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸುಮ್ನೆ ಸುಮ್ನೆ ಬಡಿದುಕೊಳ್ಳುತ್ತದೆ.

"ಕ್ಯಾಮೆರಾ ಎಲ್ಲಿದೆ ಅಂತ ಗೊತ್ತಿದ್ದರೆ ಸಾಕಲ್ವಾ, ಅಲ್ಲಿ ಸ್ಲೋ ಮಾಡಿದರಾಯ್ತು" ಅಂತ ತುಂಬ ಜನ ಹೇಳುತ್ತಾರೆ. ರಾಮನಗರ, ಚನ್ನಪಟ್ಟಣದ ಕಡೆ ಇದನ್ನು ಕಣ್ಣಾರೆ ನೋಡಬಹುದು. ಕ್ಯಾಮೆರಾ ಕಂಬ ಕಾಣುತ್ತಿದ್ದಂತೆ ಬಲಗಡೆ ಲೇನ್‌ನಲ್ಲಿ ಸಾಲಾಗಿ ಬ್ರೇಕ್ ಲೈಟ್ ಹತ್ತುತ್ತವೆ, ಹಿಂದೆ ಅಂಟಿಕೊಂಡು ಬರುತ್ತಿದ್ದವನು ಗಾಬರಿಯಾಗಿ ಎಡಕ್ಕೆ ಎಳೆಯುತ್ತಾನೆ, ಕಂಬ ದಾಟಿದ್ದೇ ತಡ ಎಲ್ಲರೂ ಮತ್ತೆ ಆಕ್ಸಿಲರೇಟರ್ ಒತ್ತುತ್ತಾರೆ. ನನಗೆ ನಿಜವಾಗಲೂ ಭಯ ಆಗುವುದು ಇದನ್ನು ನೋಡಿದಾಗ. 2023ರಲ್ಲಿ ಆ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಬಂದ ಕ್ಯಾಮೆರಾಗಳು ಅವು.

ಈ ಉಪಾಯಕ್ಕೂ ಭವಿಷ್ಯ ಇಲ್ಲ. ಎರಡು ಕಡೆ ನಂಬರ್ ಪ್ಲೇಟ್ ಓದಿದರೆ ನಡುವಿನ ಸರಾಸರಿ ವೇಗ ತೆಗೆಯುವುದು ಬರೀ ಭಾಗಾಕಾರದ ಲೆಕ್ಕ. 20 ಕಿಲೋಮೀಟರನ್ನು 100ರ ವೇಗದಲ್ಲಿ ದಾಟಲು 12 ನಿಮಿಷ ಬೇಕು. ನೀವು 10 ನಿಮಿಷಕ್ಕೆ ತಲುಪಿದರೆ ಸರಾಸರಿ 120 ಅಂತಲೇ ಅರ್ಥ, ಎರಡೂ ಕಂಬದ ಕೆಳಗೆ ಎಷ್ಟೇ ನಿಧಾನಕ್ಕೆ ಹೋಗಿದ್ದರೂ ಸರಿ.

ಹಾಗಾದರೆ ಏನು ಮಾಡಬೇಕು? ಮೊದಲು, ನಿಮ್ಮ ಕಾರಲ್ಲಿ ಆಗಲೇ ಇರುವ ಬೀಪನ್ನು ಕೇಳಿ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ 80 ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಬಿಡದೆ ಬೀಪ್ ಬರುತ್ತದೆ. ಕಿರಿಕಿರಿ ಅಂತ ಅದನ್ನು ತೆಗೆಸಲು ಗ್ಯಾರೇಜಿಗೆ ಹೋಗುವವರೂ ಇದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಮೈಸೂರು ಹೈವೇಯಲ್ಲಿ ಕಾರಿಗೆ ಮಿತಿ 100. ಕ್ರೂಸ್ ಕಂಟ್ರೋಲ್ (ಕಾರು ತಾನೇ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಇದ್ದರೆ, ರಸ್ತೆ ಖಾಲಿ ಇರುವಾಗ 95ಕ್ಕೆ ಇಟ್ಟುಬಿಡಿ. ಖಾಲಿ ರಸ್ತೆಯಲ್ಲಿ ವೇಗ ಏರಿದ್ದು ಕಾಲಿಗೆ ಗೊತ್ತೇ ಆಗುವುದಿಲ್ಲ, ಎರಡೆರಡು ಸಲ ಫೈನ್ ಬೀಳುವುದು ಹೆಚ್ಚಾಗಿ ಹೀಗೆ. ಮೊಬೈಲ್ ಮ್ಯಾಪ್‌ನಲ್ಲಿ ವೇಗ ತೋರಿಸುವ ಆಯ್ಕೆಯನ್ನೂ ಆನ್ ಮಾಡಿಕೊಳ್ಳಿ. ಕಂಪನಿಯಿಂದ ಬಂದದ್ದಕ್ಕಿಂತ ದೊಡ್ಡ ಟಯರ್ ಹಾಕಿಸಿದ್ದರೆ ನಿಮ್ಮ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತಿರಬಹುದು, ಇದನ್ನು ಎಷ್ಟೋ ಜನ ಯೋಚಿಸುವುದೇ ಇಲ್ಲ.

ಇನ್ನೊಂದು, ಮನೆಯಿಂದ ಕಾಲು ಗಂಟೆ ಮುಂಚೆ ಹೊರಡಿ. ಹೈವೇ ಸುಮಾರು 119 ಕಿಲೋಮೀಟರ್. ಇಡೀ ದಾರಿ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ ಒಂದು ಗಂಟೆ. ಉಳಿಯುವುದು ಹನ್ನೊಂದೇ ನಿಮಿಷ, ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೆ ಅಷ್ಟು ಹೊತ್ತು ಪಾರ್ಕಿಂಗ್ ಹುಡುಕುವುದರಲ್ಲೇ ಹೋಗುತ್ತದೆ. ಆ ಹನ್ನೊಂದು ನಿಮಿಷಕ್ಕಾಗಿ ಏನನ್ನು ಪಣಕ್ಕಿಡುತ್ತೀರಿ ನೋಡಿ. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಕಾರಿಗೆ 1,000ದಿಂದ 2,000 ರೂಪಾಯಿ ದಂಡ ಹಾಕಬಹುದು. ಅದಕ್ಕಿಂತ ದೊಡ್ಡದು, 130 ದಾಟಿದರೆ ಎಫ್‌ಐಆರ್ ಹಾಕುವ ಕ್ರಮ ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ ಬಂದಿದೆ. ದಂಡವಾದರೆ ಕಟ್ಟಿ ಮರೆಯಬಹುದು, ಎಫ್‌ಐಆರ್ ಆದರೆ ಕೋರ್ಟಿಗೆ ಅಲೆಯಬೇಕು. ಇವೆಲ್ಲ ಬಿಡಿ, 130ರಲ್ಲಿ ಇರುವ ಕಾರು ಒಂದು ಸೆಕೆಂಡಿಗೆ 36 ಮೀಟರ್ ಓಡುತ್ತದೆ. ಮುಂದೆ ಏನೋ ಅಡ್ಡ ಬಂತು ಅಂತ ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗುವುದರೊಳಗೆ ಅಷ್ಟು ದೂರ ಮುಗಿದಿರುತ್ತದೆ, ಬ್ರೇಕ್ ಹಿಡಿಯುವುದು ಆಮೇಲೆ.

ನಿಮ್ಮ ಹಳೇ ಎರಡು ಫೈನ್ ಕಟ್ಟಿಲ್ಲದಿದ್ದರೆ ಪರಿವಾಹನ್ ಇ-ಚಲನ್ ಜಾಲತಾಣದಲ್ಲೋ ಹತ್ತಿರದ ಬೆಂಗಳೂರು ಒನ್‌ನಲ್ಲೋ ಗಾಡಿ ನಂಬರ್ ಕೊಟ್ಟು ನೋಡಿ. ಫೋಟೋ ಇದ್ದರೆ ತೆಗೆದು ನೋಡಿ, ಅದರಲ್ಲಿರುವ ಕಾರು ನಿಮ್ಮದಲ್ಲದಿದ್ದರೆ ದುಡ್ಡು ಕಟ್ಟುವ ಮೊದಲೇ ದೂರು ಕೊಡಿ. ವಾಟ್ಸಾಪ್‌ನಲ್ಲಿ "ನಿಮ್ಮ ಚಲನ್ ಇಲ್ಲಿದೆ" ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮಾತ್ರ ಮುಟ್ಟಲೇಬೇಡಿ, ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ.