ಒಂದು ಲೀಟರ್ ಎಂಜಿನ್ ಇಷ್ಟು ದೊಡ್ಡ ಸೆಡಾನ್ ಎಳೆಯುತ್ತಾ?

ಪ್ರಶ್ನೆ: ಸರ್, ಸ್ಕೋಡಾ ಸ್ಲಾವಿಯಾ ತಗೊಳ್ಳೋಣ ಅಂತಿದ್ದೇವೆ. ಮನೆಯಲ್ಲಿ ಐದು ಜನ. ಇರೋದು ಬೆಂಗಳೂರಿನಲ್ಲಿ, ತಿಂಗಳಿಗೊಮ್ಮೆ ಪುತ್ತೂರಿಗೆ ಹೋಗಿ ಬರಬೇಕು. 1.0 ಸಾಕಾ, 1.5 ಬೇಕಾ? ನಮ್ಮ ಭಾವ ಮಾತ್ರ, "ಒಂದು ಲೀಟರ್ ಅಂದ್ರೆ ಆಲ್ಟೋ ಎಂಜಿನ್ ಕಣೋ, ಫುಲ್ ಲೋಡ್ ಹಾಕಿದರೆ ಶಿರಾಡಿ ಹತ್ತಲ್ಲ" ಅಂತಾರೆ.

ಉತ್ತರ: ಕಾರಿನ ಹೆಸರು ಬದಲಾಗುತ್ತದೆ, ಘಾಟ್ ಬದಲಾಗುತ್ತದೆ, ಭಾವನ ಜಾಗಕ್ಕೆ ಮಾವನೋ ಆಫೀಸಿನ ಗೆಳೆಯನೋ ಬರುತ್ತಾರೆ. ಪ್ರಶ್ನೆ ಮಾತ್ರ ಅದೇ. ಎಷ್ಟೋ ಸಲ ಉತ್ತರ ಬರೆದಾಗಿದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ದಯವಿಟ್ಟು ಭಾವನಿಗೂ ಓದಿಸಿ.

ಮೊದಲು ನೇರ ಉತ್ತರ. ನೀವು ಹೇಳಿದ ಓಡಾಟಕ್ಕೆ 1.0 ಟರ್ಬೊ ಸಾಕು. ಮ್ಯಾನುವಲ್ ಓಡಿಸೋರಾದರೆ ಯೋಚನೆಯೇ ಬೇಡ. ಆಟೋಮ್ಯಾಟಿಕ್ ಬೇಕು ಅಂದರೆ, ಅಥವಾ ಘಾಟ್ ಓಡಾಟ ತಿಂಗಳಿಗೊಮ್ಮೆ ಅಲ್ಲದೆ ವಾರವಾರವೂ ಇದ್ದರೆ, ಆಗ 1.5ಕ್ಕೆ (ಸ್ಲಾವಿಯಾದಲ್ಲಿ ಅದೂ ಟರ್ಬೊನೇ) ದುಡ್ಡು ಹಾಕುವುದರಲ್ಲಿ ಅರ್ಥ ಇದೆ.

ಈಗ ಆ "ಆಲ್ಟೋ ಎಂಜಿನ್" ಮಾತಿಗೆ ಬರೋಣ. ಸಿಸಿ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ, ಸಿಸಿ ಕಡಿಮೆ ಇದ್ದರೆ ಕಾರು ಬಡಕಲು. ಈ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಹತ್ತು ಹದಿನೈದು ಲಕ್ಷ ಕೊಡೋರು ಬ್ರೋಶರ್‌ನಲ್ಲಿ ಅದೊಂದು ಸಾಲು ನೋಡಿ ಉಳಿದದ್ದನ್ನು ಮಡಚಿ ಇಡುತ್ತಾರೆ. ಟರ್ಬೊ ಇಲ್ಲದ ಕಾಲದಲ್ಲಿ ಇದು ಹೆಚ್ಚು ಕಡಿಮೆ ಸರಿಯೇ ಇತ್ತು. ಈಗ ಅಲ್ಲ.

ಆಲ್ಟೋ ಕೆ10 ಎಂಜಿನ್ 998 ಸಿಸಿ. ಸ್ಲಾವಿಯಾದ ಚಿಕ್ಕ ಎಂಜಿನ್ 999 ಸಿಸಿ. ಎರಡಕ್ಕೂ ಮೂರೇ ಸಿಲಿಂಡರ್. ಆಲ್ಟೋದ್ದು 67 ಪಿಎಸ್ ಶಕ್ತಿ (ಪಿಎಸ್ ಅಂದರೆ ಹೆಚ್ಚು ಕಡಿಮೆ ಹಾರ್ಸ್‌ಪವರ್), 89 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಸ್ಲಾವಿಯಾದ್ದು 115 ಪಿಎಸ್, 178 ನ್ಯೂಟನ್ ಮೀಟರ್. ಸಿಸಿಯಲ್ಲಿ ವ್ಯತ್ಯಾಸ ಒಂದೇ ಒಂದು, ಟಾರ್ಕ್ ಸರಿಯಾಗಿ ಎರಡರಷ್ಟು! ಯಾಕೆ? ಸಿಸಿ ಅನ್ನೋದು ಸಿಲಿಂಡರ್ ಒಳಗೆ ಎಷ್ಟು ಜಾಗ ಇದೆ ಅಂತ ಮಾತ್ರ ಹೇಳುತ್ತದೆ. ಆ ಜಾಗಕ್ಕೆ ಎಷ್ಟು ಗಾಳಿ ಹೋಯಿತು ಅಂತ ಹೇಳುವುದಿಲ್ಲ. ಅದೇ ಚೀಲಕ್ಕೆ ಹತ್ತಿ ಸುಮ್ನೆ ಸುರಿಯುವುದು ಬೇರೆ, ಕಾಲಲ್ಲಿ ತುಳಿದು ತುಂಬುವುದು ಬೇರೆ, ಅಲ್ವಾ? ಟರ್ಬೊ ಮಾಡುವುದು ಈ ತುಳಿಯುವ ಕೆಲಸ. ಗಾಳಿ ಜಾಸ್ತಿ ಹೋದರೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸುಡಬಹುದು. ಶಕ್ತಿ ಬರುವುದು ಸುಟ್ಟದ್ದರಿಂದ, ಖಾಲಿ ಜಾಗದಿಂದ ಅಲ್ಲ.

ಇನ್ನೂ ಅನುಮಾನ ಇದ್ದರೆ ಒಂದೇ ಕಾರಿನೊಳಗೆ ಹೋಲಿಸಿ ನೋಡಿ. 2023ರ ಮಾರ್ಚ್‌ನಲ್ಲಿ ಬಂದ ಹ್ಯುಂಡೈ ವೆರ್ನಾಗೆ ಎರಡು ಪೆಟ್ರೋಲ್ ಎಂಜಿನ್ ಇದ್ದವು. ಟರ್ಬೊ ಇಲ್ಲದ್ದು 1,497 ಸಿಸಿ, 115 ಪಿಎಸ್, 144 ನ್ಯೂಟನ್ ಮೀಟರ್. ಟರ್ಬೊ ಇರುವುದು 1,482 ಸಿಸಿ, 160 ಪಿಎಸ್, 253 ನ್ಯೂಟನ್ ಮೀಟರ್. ಸಿಸಿ ಹದಿನೈದು ಕಡಿಮೆ ಇರುವ ಎಂಜಿನ್‌ಗೇ ಶಕ್ತಿ ಇಷ್ಟು ಜಾಸ್ತಿ.

ಸರಿ, ಶಿರಾಡಿಗೆ ಹೋಗೋಣ. ಕಾರು, ಐದು ಜನ, ಡಿಕ್ಕಿ ತುಂಬ ಸಾಮಾನು, ಒಟ್ಟು 1,600 ಕೆಜಿ ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆ. ಗಂಟೆಗೆ 60 ಕಿ.ಮೀ. ವೇಗ. ಏರು, ಟೈರಿನ ಉಜ್ಜಾಟ, ಗಾಳಿಯ ತಡೆ ಮೂರನ್ನೂ ಕೂಡಿಸಿದರೆ ಬೇಕಾಗುವುದು ಸುಮಾರು 28 ಪಿಎಸ್. ಏಸಿಗೆ ಒಂದಿಷ್ಟು, ಗೇರ್‌ಬಾಕ್ಸ್‌ನಲ್ಲಿ ಸೋರುವುದು ಒಂದಿಷ್ಟು, 35 ಅನ್ನಿ. ಹತ್ತಲ್ಲ ಅನ್ನುವ ಮಾತು ಇಲ್ಲಿಗೇ ಮುಗಿಯಿತು. ಹಾಗೆ ನೋಡಿದರೆ ಆಲ್ಟೋದ 67 ಪಿಎಸ್ ಕೂಡ ಈ ಲೆಕ್ಕಕ್ಕಿಂತ ಜಾಸ್ತಿ.

ಹಾಗಾದರೆ ಕೆಲವು ಕಾರು ಘಾಟ್‌ನಲ್ಲಿ ಯಾಕೆ ಏದುಸಿರು ಬಿಡುತ್ತವೆ? ಬ್ರೋಶರ್‌ನ ಪಿಎಸ್ ಸಿಗುವುದು ಎಂಜಿನ್ ಕಿರುಚುವಾಗ. ಹೋಂಡಾ ಸಿಟಿಯ 121 ಪಿಎಸ್ ಬರುವುದು 6,600 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಕುಟುಂಬ ಕೂರಿಸಿಕೊಂಡು ಯಾರು ಆ ಕಡೆ ಮುಳ್ಳು ಏರಿಸುತ್ತಾರೆ? ನಾವೆಲ್ಲ ಓಡಿಸುವುದು ಎರಡು ಸಾವಿರದ ಆಸುಪಾಸಿನಲ್ಲಿ. ಅಲ್ಲಿ ಎಷ್ಟಿದೆ ಅಂತ ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ, 7,024ರಿಂದ ಭಾಗಿಸಿ. ಉತ್ತರ ಪಿಎಸ್‌ನಲ್ಲಿ ಬರುತ್ತದೆ.

ಸ್ಲಾವಿಯಾ 1.0ರ 178 ನ್ಯೂಟನ್ ಮೀಟರ್ 1,750ರಿಂದ 4,500 ಆರ್‌ಪಿಎಂವರೆಗೂ ಸಿಗುತ್ತದೆ. ಅಂದರೆ 2,000ದಲ್ಲಿ ಸುಮಾರು 50 ಪಿಎಸ್ ಕೈಯಲ್ಲಿದೆ. ಟರ್ಬೊ ಇಲ್ಲದ ವೆರ್ನಾದ 144 ಪೂರ್ತಿ ಸಿಗುವುದು 4,500ರಲ್ಲಿ. 2,000ದಲ್ಲೇ ಅಷ್ಟೂ ಸಿಕ್ಕಿತು ಅಂತ ಧಾರಾಳವಾಗಿ ಲೆಕ್ಕ ಹಾಕಿದರೂ 41 ಪಿಎಸ್. ಬೇಕಾದ 35 ಕಳೆದರೆ ಒಂದರಲ್ಲಿ ಹದಿನೈದು ಉಳಿಯಿತು, ಇನ್ನೊಂದರಲ್ಲಿ ಆರು. ಓವರ್‌ಟೇಕ್ ಮಾಡುವುದು ಈ ಉಳಿದದ್ದರಲ್ಲಿ.

ಗುಂಡ್ಯ ದಾಟಿ ದೋಣಿಗಾಲ್ ಕಡೆ ಏರುವಾಗ ಇದು ಕಾಲಿಗೇ ಗೊತ್ತಾಗುತ್ತದೆ. ಮುಂದೆ ಮಂಗಳೂರಿಂದ ಬಂದ ಟ್ಯಾಂಕರ್ ತೆವಳುತ್ತಿದೆ, ನೀವು ಮೂರನೇ ಗೇರಿನಲ್ಲಿ ನಲವತ್ತರಲ್ಲಿದ್ದೀರಿ, ಎದುರಿಗೆ ರಸ್ತೆ ಖಾಲಿ ಕಂಡಿತು. ಟರ್ಬೊ ಇಲ್ಲದ 1.5ರಲ್ಲಿ ಆಕ್ಸಿಲರೇಟರ್ ಒತ್ತಿದರೆ ಸದ್ದು ಬರುತ್ತದೆ, ಕಾರು ಬರುವುದಿಲ್ಲ. ಎರಡನೇ ಗೇರಿಗೆ ಇಳಿಸಿ, ಮುಳ್ಳು ನಾಲ್ಕು ಸಾವಿರ ದಾಟಿಸಬೇಕು. ಆಗ ಚೆನ್ನಾಗಿಯೇ ಎಳೆಯುತ್ತದೆ. 1.0 ಟರ್ಬೊದಲ್ಲಿ ಅದೇ ಗೇರಿನಲ್ಲಿ ಒತ್ತಿದರೆ ಅರೆಗಳಿಗೆ ಏನೂ ಆಗುವುದಿಲ್ಲ, ಆಮೇಲೆ ಬೆನ್ನು ಸೀಟಿಗೆ ಒತ್ತುತ್ತದೆ.

ಇನ್ನೊಂದು ವಿಷಯ ನಮ್ಮೂರಿನವರೇ ಮರೆಯುತ್ತಾರೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ಶೇ 9ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಹೆಚ್ಚು ಕಡಿಮೆ ಅಷ್ಟೇ ಶಕ್ತಿಯನ್ನು ಮನೆ ಬಾಗಿಲಲ್ಲೇ ಕಳೆದುಕೊಂಡಿರುತ್ತದೆ. ಟರ್ಬೊ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಬೆಟ್ಟಗಳಿಗೆ ಹೋದರೆ ಈ ಅಂತರ ಇನ್ನೂ ಜಾಸ್ತಿ.

ಚಿಕ್ಕ ಟರ್ಬೊದಲ್ಲಿ ಕುಂದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1,500 ಆರ್‌ಪಿಎಂಗಿಂತ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಂಪರ್‌ಗೆ ಬಂಪರ್ ತಾಗುವ ಹಾಗೆ ನಿಂತು ನಿಂತು ಹೋಗುವಾಗ ಇದು ಕಿರಿಕಿರಿ. ಮೂರು ಸಿಲಿಂಡರ್ ಆದ್ದರಿಂದ ಸಿಗ್ನಲ್‌ನಲ್ಲಿ ನಿಂತಾಗ ಸಣ್ಣ ನಡುಕವೂ ಇರುತ್ತದೆ. ದಿನಾ ಅಂಥ ಟ್ರಾಫಿಕ್‌ನಲ್ಲೇ ಎರಡು ಗಂಟೆ ಕಳೆಯುವವರಿಗೆ ನಾನು ಟರ್ಬೊ ಹೇಳುವುದೇ ಇಲ್ಲ. ಟರ್ಬೊ ಇಲ್ಲದ 1.5 ಸಿವಿಟಿ ಆಟೋಮ್ಯಾಟಿಕ್ಕೋ, ಬಜೆಟ್ ಇದ್ದರೆ ಹೈಬ್ರಿಡ್ಡೋ ನೋಡಿ.

ಮೈಲೇಜ್? ಅಲ್ಲೂ ಸಿಸಿ ನೋಡಿ ತೀರ್ಮಾನ ಮಾಡಬೇಡಿ. 2022ರಲ್ಲಿ ಸ್ಲಾವಿಯಾ ಬಂದಾಗ ಕಂಪನಿ ಹೇಳಿದ ಅಂಕಿ ಹೀಗಿತ್ತು: 1.0 ಮ್ಯಾನುವಲ್ 19.47, 1.0 ಆಟೋಮ್ಯಾಟಿಕ್ 18.07, 1.5 ಡಿಎಸ್‌ಜಿ ಆಟೋಮ್ಯಾಟಿಕ್ 18.41. ಆಟೋಮ್ಯಾಟಿಕ್‌ನಲ್ಲಿ ದೊಡ್ಡ ಎಂಜಿನ್ನೇ ಮುಂದೆ. ಹೆದ್ದಾರಿಯಲ್ಲಿ ಹಗುರಾಗಿ ಹೋಗುವಾಗ 1.5 ತನ್ನ ನಾಲ್ಕರಲ್ಲಿ ಎರಡು ಸಿಲಿಂಡರ್ ಆಫ್ ಮಾಡಿಕೊಳ್ಳುತ್ತದೆ. ಜೊತೆಗೆ 1.0ಕ್ಕೆ ಕೊಟ್ಟದ್ದು ಹಳೆ ಮಾದರಿಯ 6 ಸ್ಪೀಡ್ ಟಾರ್ಕ್ ಕನ್ವರ್ಟರ್, 1.5ಕ್ಕೆ 7 ಸ್ಪೀಡ್ ಡಬಲ್ ಕ್ಲಚ್ ಗೇರ್‌ಬಾಕ್ಸ್, ಅದೇ ಈ ಡಿಎಸ್‌ಜಿ. ಎಂಜಿನ್ ಬಗ್ಗೆ ನೂರು ಪ್ರಶ್ನೆ ಕೇಳುವವರು ಗೇರ್‌ಬಾಕ್ಸ್ ಯಾವುದು ಅಂತ ಕೇಳುವುದೇ ಇಲ್ಲ, ಅದೇ ನನಗೆ ಬೇಜಾರು. ಆಟೋಮ್ಯಾಟಿಕ್ ಬೇಕಾದರೆ 1.5 ಅಂತ ಮೊದಲೇ ಹೇಳಿದ್ದು ಇದಕ್ಕೇ. ಇನ್ನು 2,487 ಸಿಸಿಯ ಟೊಯೊಟಾ ಕ್ಯಾಮ್ರಿ ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜ್ 25.49. ಹೈಬ್ರಿಡ್ ಕತೆ ಬೇರೆ, ಒಪ್ಪಿದೆ. ಆದರೂ ಸಿಸಿ ನೋಡಿ ಮೈಲೇಜ್ ಹೇಳುವವರು ಇದಕ್ಕೆ ಏನು ಹೇಳುತ್ತಾರೆ?

ಒಂದು ಮಾತು. 1.0 ಎಂಜಿನ್ ಮಿತವಾಗಿ ಓಡಿಸಿದರೆ ಮಾತ್ರ ಮಿತವಾಗಿ ಕುಡಿಯುತ್ತದೆ. ನೂರಿಪ್ಪತ್ತರಲ್ಲಿ ಒತ್ತಿಕೊಂಡೇ ಹೋದರೆ ಟರ್ಬೊ ಪೂರ್ತಿ ದುಡಿಯುತ್ತದೆ, ಪೆಟ್ರೋಲೂ ಹಾಗೇ ಹೋಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎಂಜಿನ್ ಚಿಕ್ಕದಾದರೆ ತೆರಿಗೆ ಕಡಿಮೆ ಅಂತ ಶೋರೂಮಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಕಾರಿಗೆ ಶೇ 18ರ ಜಿಎಸ್‌ಟಿ ಸಿಗಬೇಕಾದರೆ ಎಂಜಿನ್ 1,200 ಸಿಸಿ ಒಳಗಿರಬೇಕು, ಉದ್ದವೂ 4 ಮೀಟರ್ ಒಳಗಿರಬೇಕು. ಸ್ಲಾವಿಯಾ ನಾಲ್ಕೂವರೆ ಮೀಟರ್ ಇದೆ. ಹಾಗಾಗಿ 1.0ಕ್ಕೂ 1.5ಕ್ಕೂ ಒಂದೇ, ಶೇ 40. ಕರ್ನಾಟಕದ ರಸ್ತೆ ತೆರಿಗೆ ಕಾರಿನ ಬೆಲೆ ಮೇಲೆ ಹೋಗುತ್ತದೆ, ಸಿಸಿ ಮೇಲಲ್ಲ.

ಸಿಸಿ ನಿಜವಾಗಿ ಲೆಕ್ಕಕ್ಕೆ ಬರುವುದು ಥರ್ಡ್ ಪಾರ್ಟಿ ವಿಮೆಯಲ್ಲಿ. ಅಲ್ಲಿ ಮೂರು ಮೆಟ್ಟಿಲು: 1,000 ಸಿಸಿವರೆಗೆ ಒಂದು, 1,500ರವರೆಗೆ ಇನ್ನೊಂದು, ಅದರ ಮೇಲೆ ಮತ್ತೊಂದು. 999 ಸಿಸಿಯ ಸ್ಲಾವಿಯಾ ಆಲ್ಟೋ ಜೊತೆ ಒಂದೇ ಸಾಲಿನಲ್ಲಿ ನಿಲ್ಲುವುದು ಇಲ್ಲಿ ಮಾತ್ರ. 2022ರ ಜೂನ್‌ನಲ್ಲಿ ಜಾರಿಯಾದ ದರದ ಪ್ರಕಾರ ಹೊಸ ಕಾರಿನ ಮೂರು ವರ್ಷದ ಕಂತು ಮೊದಲ ಮೆಟ್ಟಿಲಿಗೆ 6,521 ರೂಪಾಯಿ, ಎರಡನೆಯದಕ್ಕೆ 10,640, ಮೂರನೆಯದಕ್ಕೆ 24,596. ಮೇಲೆ ಜಿಎಸ್‌ಟಿ. ಆಮೇಲೆ ದರ ಪರಿಷ್ಕರಣೆ ಆಗಿದ್ದರೆ ಹೊಸ ಪಟ್ಟಿಯನ್ನೇ ನೋಡಿ. 1.0 ಬುಕ್ ಮಾಡುವಾಗ ಡೀಲರ್ ಕೊಡುವ ಕೊಟೇಶನ್‌ನಲ್ಲಿ ಥರ್ಡ್ ಪಾರ್ಟಿ ಸಾಲು ಹುಡುಕಿ, ಮೊದಲ ಮೆಟ್ಟಿಲಿನ ದರವೇ ಹಾಕಿದ್ದಾರಾ ಅಂತ ನೋಡಿಕೊಂಡು ದುಡ್ಡು ಕಟ್ಟಿ.