ದರಕಿನಡಿ ಬೆಳೆಯುವ ಸ್ನೈಪ್ ನೊಣ

ಮುಂಗಾರಿನ ಮೊದಲ ಮಳೆಗಳು ಬಿದ್ದು ತೋಟ ತಂಪಾಗುತ್ತಿದ್ದಂತೆ ಶಿರಸಿ, ಸಿದ್ದಾಪುರದ ಕೃಷಿಕರಿಂದ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಏಲಕ್ಕಿ ಎಲೆಯ ಮೇಲೋ ಅಡಿಕೆ ಮರದ ಬುಡದಲ್ಲೋ ಕೂತ ಸಪೂರ ಮೈಯ, ಉದ್ದ ಕಾಲಿನ, ಹಳದಿ ಮಿಶ್ರಿತ ಕಂದು ಬಣ್ಣದ ನೊಣ. ಜೊತೆಗೆ ಎರಡು ಪ್ರಶ್ನೆ: ಇದು ಕಚ್ಚುತ್ತದೆಯೇ? ಬೆಳೆಗೆ ತೊಂದರೆಯೇ? ಸ್ನೈಪ್ ನೊಣವೇ ಆಗಿದ್ದರೆ ನಮ್ಮ ತೋಟಗಳ ಮಟ್ಟಿಗೆ ಎರಡಕ್ಕೂ ಉತ್ತರ ‘ಇಲ್ಲ’. ಆದರೆ ಅದು ಸ್ನೈಪ್ ನೊಣವೇ ಎಂದು ಮೊದಲು ಖಾತ್ರಿಯಾಗಬೇಕು.

ಈ ನೊಣಗಳ ಕುಟುಂಬದ ಹೆಸರು ರಾಜಿಯೋನಿಡೆ. ಜಗತ್ತಿನಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ದನಗಳಿಗೆ ಮುತ್ತಿ ರಕ್ತ ಹೀರುವ ಕುದುರೆ ನೊಣ ಇವುಗಳ ಹತ್ತಿರದ ನೆಂಟ. ಅನುಮಾನ ಹುಟ್ಟುವುದೂ ಅದರಿಂದಲೇ. ಕುದುರೆ ನೊಣ ದಪ್ಪ, ಗಿಡ್ಡ. ರೆಕ್ಕೆಯ ಬುಡದಲ್ಲಿ ಎದ್ದು ಕಾಣುವ ದೊಡ್ಡ ಪೊರೆಯಿದೆ. ಸ್ನೈಪ್ ನೊಣದ ಹೊಟ್ಟೆ ತುದಿಯತ್ತ ಕಿರಿದಾಗುತ್ತ ಹೋಗುತ್ತದೆ, ಬುಡದ ಪೊರೆ ತೀರ ಚಿಕ್ಕದು. ಉದ್ದ 4ರಿಂದ 15 ಮಿಲಿಮೀಟರ್. ಮೀಸೆಗಳು ಮೋಟು, ತುದಿಗೊಂದು ಸಣ್ಣ ಎಳೆ. ಗಂಡಿನ ಕಣ್ಣುಗಳು ಸಾಮಾನ್ಯವಾಗಿ ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಹೆಣ್ಣಿನಲ್ಲಿ ನಡುವೆ ಜಾಗವಿರುತ್ತದೆ.

ಹೆಚ್ಚು ಗೊಂದಲವಾಗುವುದು ದರೋಡೆ ನೊಣದೊಂದಿಗೆ. ಅದೂ ಸಪೂರ, ಅದಕ್ಕೂ ಉದ್ದ ಕಾಲು. ಅದರ ನೆತ್ತಿಯಲ್ಲಿ ಎರಡು ಕಣ್ಣುಗಳ ನಡುವೆ ತಗ್ಗಿದೆ, ಮುಖಕ್ಕೆ ಒರಟು ಕೂದಲಿನ ಗಡ್ಡವಿದೆ. ಇನ್ನೂ ಸಂಶಯವಿದ್ದರೆ ಪಾದ ನೋಡಬೇಕು. ನೊಣವನ್ನು ಗಾಜಿನ ಬಾಟಲಿಯೊಳಗೆ ಬಿಟ್ಟರೆ ಗೋಡೆ ಹತ್ತುತ್ತದೆ. ಆಗ ಹೊರಗಿನಿಂದ ಭೂತಗನ್ನಡಿ ಹಿಡಿದು ಉಗುರುಗಳ ಅಡಿ ಎಣಿಸಿ. ಸ್ನೈಪ್ ನೊಣಕ್ಕೆ ಮೂರು ಮೆತ್ತೆಗಳು. ದರೋಡೆ ನೊಣಕ್ಕೆ ಎರಡೇ, ನಡುವೆ ಬರೀ ಒಂದು ಬಿರುಗೂದಲು. ಕುದುರೆ ನೊಣಕ್ಕೂ ಮೂರು ಮೆತ್ತೆಗಳಿರುವುದರಿಂದ ಪಾದವೊಂದನ್ನೇ ನಂಬುವಂತಿಲ್ಲ, ಮೈಕಟ್ಟನ್ನೂ ಜೊತೆಗಿಟ್ಟು ತೀರ್ಮಾನಿಸಬೇಕು. ಬಣ್ಣ ನೋಡಿ ಹೆಸರು ಹೇಳುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಘಟ್ಟದ ನೆರಳಿನಲ್ಲಿ ಕಾಣುವುದು ಮುಖ್ಯವಾಗಿ ಕ್ರೈಸೊಪೈಲಸ್ ಕುಲ. ಜಗತ್ತಿನಲ್ಲಿ ಇದರ 300ಕ್ಕೂ ಹೆಚ್ಚು ಪ್ರಭೇದಗಳಿವೆ. ಮೈಮೇಲೆ ಬಂಗಾರದ ಬಣ್ಣದ ನವಿರು ಕೂದಲು ಹಾಸಿರುತ್ತದೆ. ಓರೆ ಬಿಸಿಲು ಬಿದ್ದಾಗ ನೋಡಬೇಕು, ಅಷ್ಟು ಚೆಂದ. ಬೆರಳು ತಾಗಿದರೆ ಆ ಕೂದಲು ಉದುರುತ್ತದೆ, ಬೋಳಾದ ನೊಣ ಬೇರೆಯದೇ ಪ್ರಭೇದದಂತೆ ಕಾಣುತ್ತದೆ. ಕೈಯಲ್ಲಿ ಹಿಡಿಯಬೇಡಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಇನ್ನೊಂದು ಪ್ರಸಿದ್ಧ ಕುಲ ರಾಜಿಯೋ. ಯುರೋಪಿನಲ್ಲಿ ಮರದ ಕಾಂಡದ ಮೇಲೆ ತಲೆ ಕೆಳಗಾಗಿ ಕೂರುವ ಇದರ ಪ್ರಭೇದವೊಂದಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ. ಭಾರತದಲ್ಲಿ ಈ ಕುಲ ಹಿಮಾಲಯದ ಕಡೆ ಸಿಗುತ್ತದೆ. ಈ ಕುಟುಂಬದಲ್ಲಿ ಕಚ್ಚುವ ಹೆಣ್ಣುಗಳು ಕೆಲವೇ ಕುಲಗಳಲ್ಲಿವೆ: ಉತ್ತರ ಅಮೆರಿಕದಲ್ಲಿ ಸಿಂಫೊರೊಮೈಯಾ, ಆಸ್ಟ್ರೇಲಿಯಾದಲ್ಲಿ ಸ್ಪಾನಿಯಾಪ್ಸಿಸ್.

ಹಳ್ಳದ ಬದಿಯ ಕತೆ ಬೇರೆ. ಅಲ್ಲಿ ಹುಡುಕಬೇಕಾದ್ದು ನೀರಿನ ಸ್ನೈಪ್ ನೊಣ, ಕುಟುಂಬ ಅಥೆರಿಸಿಡೆ. ಇವುಗಳಲ್ಲಿ ಕೆಲವು ಕುಲಗಳ ಹೆಣ್ಣುಗಳು ರಕ್ತ ಹೀರುತ್ತವೆ. ರೆಕ್ಕೆಯ ಮುಂದಂಚಿನ ಒಂದು ಕೋಣೆ (ನರಗಳ ನಡುವಿನ ಜಾಗ) ಅಂಚಿನಲ್ಲಿ ಮುಚ್ಚಿಕೊಂಡಿರುವುದೇ ಇವುಗಳ ಗುರುತು. ರಾಜಿಯೋನಿಡೆಯಲ್ಲಿ ಅದು ತೆರೆದಿರುತ್ತದೆ. ಮರಿಹುಳಕ್ಕೆ ಹೊಟ್ಟೆಯಡಿ ಕೊಕ್ಕೆಯಿರುವ ಜೋಡಿ ಕಾಲುಗಳು, ಹಿಂದೆ ಎರಡು ಕವಲು ಬಾಲ. ಹರಿಯುವ ಶುದ್ಧ ನೀರಿನ ಕಲ್ಲುಗಳ ಅಡಿಯಲ್ಲಿ ಇತರ ಕೀಟಗಳ ಮರಿಗಳನ್ನು ಬೇಟೆಯಾಡುತ್ತದೆ. ಯುರೋಪಿನ ಅಥೆರಿಕ್ಸ್ ಹೆಣ್ಣುಗಳು ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಗೊಂಚಲಾಗಿ ಕೂತು ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. ಮೊಟ್ಟೆಯೊಡೆದ ಮರಿಗಳು ನೇರವಾಗಿ ನೀರಿಗೆ ಬೀಳುತ್ತವೆ.

ತೋಟದ ನೊಣದ ಬಾಲ್ಯ ಕಳೆಯುವುದು ದರಕಿನಡಿ, ಅಂದರೆ ಉದುರಿದ ಒಣ ಎಲೆಗಳ ಅಡಿ. ಮಾಸಲು ಬಿಳಿಯ, ತಲೆ ಚೂಪಾದ ಆ ಮರಿಹುಳ ಹಸಿ ಮಣ್ಣು, ಕೊಳೆತ ಎಲೆ, ಲಡ್ಡಾದ ಮರದೊಳಗೆ ತೆವಳುತ್ತ ಎರೆಹುಳದಂಥ ಮೆತ್ತನೆ ಜೀವಿಗಳನ್ನೂ ಕೀಟಗಳ ಮರಿಗಳನ್ನೂ ತಿನ್ನುತ್ತದೆ. ಕೋಶಾವಸ್ಥೆಯೂ ಮಣ್ಣಲ್ಲೇ. ಅಡಿಕೆಯ ಬೇರನ್ನು ತಿನ್ನುವ ಹುಳವೆಂದು ಬುಡಕ್ಕೆ ಕೀಟನಾಶಕ ಸುರಿಯುವವರಿದ್ದಾರೆ. ಅದು ನನಗೆ ನಿಜಕ್ಕೂ ನೋವಿನ ವಿಷಯ. ಬೇರುಹುಳ ದುಂಬಿಯ ಮರಿ: ದಪ್ಪ, ಬಾಗಿದ ಮೈ, ಕಂದು ತಲೆ, ಎದೆಯಲ್ಲಿ ಮೂರು ಜೊತೆ ಕಾಲು. ಸ್ನೈಪ್ ನೊಣದ ಮರಿಗೆ ನಿಜವಾದ ಕಾಲೇ ಇಲ್ಲ. ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಸವಲತ್ತು ಇದೆ. ಅಲ್ಲಿಂದ ತಂದ ಸೊಪ್ಪು, ದರಕು ತೋಟದ ಮುಚ್ಚಿಗೆಯಾಗುತ್ತವೆ. ಮುಚ್ಚಿಗೆಯ ಅಡಿಪದರ ತೇವವಾಗಿ ಉಳಿದಷ್ಟೂ ಈ ಮರಿಗಳಿಗೆ ನೆಲೆ. ಬೆಟ್ಟದ ದರಕನ್ನೆಲ್ಲ ಗುಡಿಸಿ ತರಬೇಡಿ, ನೆಲ ಕಾಣದಷ್ಟಾದರೂ ಅಲ್ಲೇ ಬಿಡಿ. ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳಿ.

ಇನ್ನು ಪ್ರಭೇದದ ಹೆಸರು. ಬ್ರಿಟಿಷ್ ಕೀಟತಜ್ಞ ಬ್ರುನೆಟ್ಟಿ 1920ರಲ್ಲಿ ಭಾರತದ ಈ ನೊಣಗಳನ್ನು ಲೆಪ್ಟಿಡೆ ಎಂಬ ಹಳೆಯ ಹೆಸರಿನಡಿ ವಿವರಿಸಿದ್ದಾರೆ. ಫೋಟೊದಿಂದ ಕುಲದವರೆಗೆ ಹೋಗಬಹುದು, ಮುಂದಕ್ಕೆ ಗಂಡಿನ ಹೊಟ್ಟೆಯ ತುದಿಯ ರಚನೆ ನೋಡಲೇಬೇಕು. ಹಾಗಾಗಿ ಫೋಟೊ ಕಳಿಸುವವರು ಮೇಲಿನಿಂದ ಒಂದು, ಪಕ್ಕದಿಂದ ಒಂದು, ರೆಕ್ಕೆಯ ನರಗಳು ಕಾಣುವಂತೆ ಇನ್ನೊಂದು ತೆಗೆಯಿರಿ. ಊರು, ದಿನಾಂಕ, ತೋಟವೋ ಕಾನೋ ಹಳ್ಳದ ಬದಿಯೋ ಎಂಬುದನ್ನೂ ಬರೆಯಿರಿ. ಜಾಗ ಗೊತ್ತಿಲ್ಲದ ನೊಣದ ಫೋಟೊ ಎಷ್ಟೇ ಸ್ಪಷ್ಟವಿದ್ದರೂ ನನಗೆ ಅರ್ಧ ಮಾಹಿತಿಯಷ್ಟೇ.