ಬೀಗ ಗಟ್ಟಿ, ಗುಟ್ಟು ಹೇಳುವುದು ಗಡಿಯಾರ

"ಕೀ 2048 ಬಿಟ್ ಇದೆ, ಇನ್ನೇನು ಭಯ?" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ತಳಮಳ. ಕೀ ಅಂದರೆ ಗುಪ್ತ ಸಂದೇಶ ಬಿಚ್ಚುವ ರಹಸ್ಯ ಸಂಖ್ಯೆ, ಬಿಟ್ ಅಂದರೆ ಅದರ ಒಂದೊಂದು 0 ಅಥವಾ 1. ಗಣಿತ ಗಟ್ಟಿ, ನಿಜ. ಆದರೆ ಆ ಲೆಕ್ಕ ಮಾಡುವುದು ಒಂದು ಯಂತ್ರ, ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಅಳೆದೇ ರಹಸ್ಯ ಕೀ ಹೊರತೆಗೆಯಬಹುದು ಅಂತ ಗುಪ್ತಲಿಪಿ ತಜ್ಞ ಪಾಲ್ ಕೋಚರ್ 1996ರಲ್ಲೇ ತೋರಿಸಿದರು.

ಯಂತ್ರದ ಸದ್ದು ಕೇಳಿ ಗುಟ್ಟು ತಿಳಿಯುವ ಕೆಲಸ ಅದಕ್ಕೂ ಹಳೆಯದು. 1956ರಲ್ಲಿ ಲಂಡನ್ನಿನ ಈಜಿಪ್ಟ್ ರಾಯಭಾರ ಕಚೇರಿಯ ಸಂಕೇತ ಯಂತ್ರದ ಟಕ್‌ಟಕ್ ಸದ್ದನ್ನು ಮೈಕ್ ಇಟ್ಟು ಕೇಳಿಸಿಕೊಂಡೆವು ಅಂತ ಬ್ರಿಟಿಷ್ ಗೂಢಚಾರ ಪೀಟರ್ ರೈಟ್ ಬರೆದಿದ್ದಾರೆ.

ಈಗ ಮೈಕ್ ಕೂಡ ಬೇಡ. ಸಂದೇಶಗಳನ್ನು ಗುಪ್ತವಾಗಿಡಲು ಬಳಸುವ ಆರ್‌ಎಸ್‌ಎ ಲೆಕ್ಕದ ಸರಳ ವಿಧಾನದಲ್ಲಿ ಕೀಯ ಪ್ರತಿ ಬಿಟ್‌ಗೂ ಒಂದು ಸಲ ಸಂಖ್ಯೆಯ ವರ್ಗ ಮಾಡಬೇಕು. ಬಿಟ್ 1 ಆಗಿದ್ದರೆ ಮಾತ್ರ ಜೊತೆಗೊಂದು ಗುಣಾಕಾರ. ಗುಣಾಕಾರ ಯಾವಾಗ ನಡೆಯಿತು ಅಂತ ಗೊತ್ತಾದರೆ ಕೀ ಸಿಕ್ಕ ಹಾಗೇ, ಅಲ್ವಾ?

ಒಂದೇ ಸರ್ವರ್‌ನಲ್ಲಿ ನಿಮ್ಮ ಪ್ರೋಗ್ರಾಂ ಪಕ್ಕದಲ್ಲೇ ಕಳ್ಳನದೂ ಓಡುತ್ತಿದೆ ಅನ್ನಿ. ನಿಮ್ಮ ಮೆಮೊರಿ ಅವನಿಗೆ ಕಾಣದು. ಆದರೆ ಪ್ರೊಸೆಸರ್‌ನ ಕ್ಯಾಶ್ (ಈಚೆಗೆ ಬಳಸಿದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಸಣ್ಣ, ವೇಗದ ಜಾಗ) ಇಬ್ಬರಿಗೂ ಒಂದೇ. ಇಬ್ಬರೂ ಬಳಸುವ ಸಿದ್ಧ ಲೈಬ್ರರಿ ಕೋಡ್‌ನ ಪ್ರತಿಯೂ ಎಷ್ಟೋ ಸಲ ಒಂದೇ.

ಗ್ರಂಥಾಲಯ ನೆನೆಸಿಕೊಳ್ಳಿ. ಮೇಜಿನ ಮೇಲಿರುವ ಪುಸ್ತಕ ಥಟ್ಟನೆ ಸಿಗುತ್ತದೆ, ಉಗ್ರಾಣದ್ದಕ್ಕೆ ಕಾಯಬೇಕು. ಕಳ್ಳ ಆ ಪುಸ್ತಕವನ್ನು ಉಗ್ರಾಣಕ್ಕೆ ಕಳಿಸುತ್ತಾನೆ, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಕೇಳುತ್ತಾನೆ. ಥಟ್ಟನೆ ಕೈಗೆ ಬಂತೇ? ಹಾಗಾದರೆ ನಡುವೆ ಯಾರೋ ಅದನ್ನು ತರಿಸಿಕೊಂಡಿದ್ದಾರೆ! ಮರಳನ್ನು ಸಮ ಮಾಡಿ ಹೋಗಿ, ವಾಪಸ್ ಬಂದು ಹೆಜ್ಜೆ ಗುರುತು ನೋಡಿದ ಹಾಗೆ. ಇಲ್ಲಿ ಪುಸ್ತಕ ಅಂದರೆ ಗುಣಾಕಾರದ ಕೋಡ್, ಮೇಜು ಅಂದರೆ ಕ್ಯಾಶ್. ಅವನು ಇದನ್ನೇ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಮಾಡುತ್ತಾ ಕೂರುತ್ತಾನೆ, ಹೆಜ್ಜೆ ಕಂಡಲ್ಲಿ 1, ಕಾಣದಲ್ಲಿ 0 ಅಂತ ಬರೆದುಕೊಳ್ಳುತ್ತಾನೆ.

ಇದರ ಹೆಸರು ಫ್ಲಶ್+ರೀಲೋಡ್. 2014ರಲ್ಲಿ ಯುವಲ್ ಯಾರೋಮ್ ಮತ್ತು ಕತ್ರಿನಾ ಫಾಕ್ನರ್ ಇದನ್ನು ಗುಪ್ತಲಿಪಿ ತಂತ್ರಾಂಶವಾದ ಜಿಎನ್‌ಯು‌ಪಿಜಿ ಮೇಲೆ ಪ್ರಯೋಗಿಸಿದರು. ಕೀ ಬಳಸಿ ಹಾಕುವ ಒಂದೇ ಒಂದು ಡಿಜಿಟಲ್ ಸಹಿಯನ್ನು ಗಮನಿಸಿ, ಕೀಯ ಸರಾಸರಿ 96.7% ಬಿಟ್‌ಗಳನ್ನು ಹೆಕ್ಕಿದರು. ಒಂದೇ ಯಂತ್ರದೊಳಗೆ ಪ್ರತ್ಯೇಕ ಕಂಪ್ಯೂಟರ್‌ಗಳಂತೆ ಓಡುವ ಬೇರೆ ಬೇರೆ ವರ್ಚುವಲ್ ಮೆಷಿನ್‌ಗಳ ನಡುವೆಯೂ ಇದು ನಡೆಯಿತು.

ಸುಮ್ನೆ ಅಲ್ಲಲ್ಲಿ ತಡ ಸೇರಿಸಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಜಾಸ್ತಿ ಸಲ ಅಳೆದು ಸರಾಸರಿ ತೆಗೆದರೆ ಆ ಗದ್ದಲ ಕರಗಿಹೋಗುತ್ತದೆ. ಕೀಯ ಬಿಟ್ ಏನೇ ಇರಲಿ, ಅದೇ ಹೆಜ್ಜೆಗಳು, ಅದೇ ಮೆಮೊರಿ ಜಾಗಗಳು ಇರುವ ಹಾಗೆ ಕೋಡ್ ಬರೆಯಬೇಕು. ಬರೆದ ಮೇಲೂ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ) ಕೊಟ್ಟಿದ್ದನ್ನು ತೆರೆದು ನೋಡಬೇಕು, ಯಾಕಂದರೆ ನೀವು ಕಷ್ಟಪಟ್ಟು ತೆಗೆದ 'ಇದ್ದರೆ-ಇಲ್ಲದಿದ್ದರೆ'ಯನ್ನು ಅದು ವೇಗದ ಆಸೆಗೆ ಮತ್ತೆ ತಂದು ಸೇರಿಸಬಹುದು.